ಮೊದಲ ಹಿಮದ ಡಬ್ಬಿ

ಡಿಸೆಂಬರ್ ೨೧, ಶನಿವಾರ. ಸೋಪೋರ್.

ಶುಕ್ರವಾರ ಏನು ಅಡುಗೆ ಮಾಡಲಿ ಎಂಬುದೇ ತಲೆ ಕೊರೆಯುತ್ತಿದೆ.

ಬೆಳಿಗ್ಗೆ ಈ ವರ್ಷದ ಮೊದಲ ಹಿಮ ಬಿತ್ತು. ರೊಟ್ಟಿ ಅಂಗಡಿಯ ಇಳಿಜಾರಿನಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಕಾಲಿಡಲು ಹೆದರಿ ನಿಂತಿದ್ದಳು. ಕೈ ಕಾಯಿಸಿಕೊಳ್ಳುವ ನನ್ನ ಕೆಂಡದ ಬುಟ್ಟಿ, ಕಾಂಗ್ಡಿಯನ್ನು ಅವಳಿಗೆ ಕೊಟ್ಟು, ತೋಳು ಹಿಡಿದು ಬಸ್ಸಿನವರೆಗೆ ನಡೆಸಿದೆ. ಹತ್ತಿ ಕೂತವಳು ಕಿಟಕಿಯಿಂದ ಒಂದು ಡಬ್ಬಿ ಚಾಚಿ, "ರೊಟ್ಟಿ ಇದೆ, ತಗೋ ತಮ್ಮಾ" ಎಂದಳು. ಮರಗಟ್ಟಿದ ಕೈಗೆ ಅದರ ತಂಪು ತಿಳಿಯಲಿಲ್ಲ. ತೆರೆದರೆ ಹಿಮ! ವರ್ಷದ ಮೊದಲ ಹಿಮವನ್ನು ತಿಳಿಯದೆ ಕೈಗೆ ಇಸಿದುಕೊಂಡವನು ಕೊಟ್ಟವರಿಗೆ ಊಟ ಹಾಕಬೇಕು, ಅದು ನಮ್ಮ ಕಡೆಯ ಹಳೆಯ ಆಟ.

"ಮೊದಲ ಹಿಮ ಇಸ್ಕೊಂಡೆ, ಸೋತೆ! ಶುಕ್ರವಾರ ಊಟ ಹಾಕ್ಬೇಕು. ಕಾಂಗ್ಡಿ ಆವಾಗ್ಲೇ ಕೊಡ್ತೀನಿ. ಮನೆ ಎಲ್ಲಿ ಅಂತ ರೊಟ್ಟಿಯವ್ನನ್ನ ಕೇಳ್ಕೊಂಡು ಬರ್ತೀನಿ."

"ಕೈ ಹಿಡಿದೋನಿಗೇ ಟೋಪಿನಾ ಅಕ್ಕಾ?"

"ಮತ್ತೆ? ಬೆಳಿಗ್ಗೆಯಿಂದ ಡಬ್ಬಿ ಹೊತ್ಕೊಂಡಿದೀನಿ, ಹತ್ರ ಬಂದೋನು ನೀನೊಬ್ನೇ!"

ಯೂ ಆರ್ ಡಿಫೀಟೆಡ್, ಸರ್, ಎಂದು ನನಗೆ ನಾನೇ ಹೇಳಿಕೊಂಡೆ. ಕಾಲೇಜಿನ ಇಂಗ್ಲಿಷ್ ಇಷ್ಟಾದರೂ ಉಳಿದಿದೆ.

ಹೆಂಡತಿ ಮೆಹ್ತಾಬಿ ಹೋದ ಮೇಲೆ ಮೂರು ಚಳಿಗಾಲ ನನ್ನನ್ನು ಯಾರೂ ಸೋಲಿಸಿರಲಿಲ್ಲ. ಪ್ರತಿವರ್ಷ ಅವಳು ಸೋಲಿಸುತ್ತಿದ್ದಳು, ಸೋತವನ ಪರವಾಗಿ ಅಡುಗೆಯನ್ನೂ ಅವಳೇ ಮಾಡುತ್ತಿದ್ದಳು.

ಸಂಜೆ ಅವಳ ದೊಡ್ಡ ತಾಮ್ರದ ಪಾತ್ರೆ ಇಳಿಸಿ ಉಜ್ಜಿದೆ. ಹೊಳೆಯುತ್ತಿದೆ. ಹಾಖ್ ಸೊಪ್ಪಿಗೆ ಉಪ್ಪು ಮೊದಲೇ ಹಾಕುತ್ತಿದ್ದಳೋ, ಇಲ್ಲ ಕೊನೆಗೋ?