ಕರಗಿನ ದಿನದ ಎಳನೀರು

ಅರಸೀಕೆರೆ
ಫೆಬ್ರವರಿ ಮೂವತ್ತು, 2231

ನಿಮ್ಮ ಕಾಲದ ಆಸ್ಪತ್ರೆಗಳಲ್ಲಿ ರೋಗಿಯ ಪಕ್ಕ ಕೂತಿರುವವರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನಿಮ್ಮ ಕನ್ನಡವನ್ನು ಹಳೆಯ ಕಡತಗಳಿಂದ ಕಲಿತಿದ್ದೇನೆ. ಮಾತು ಎಲ್ಲಾದರೂ ತೊಡರಿದರೆ ಕ್ಷಮಿಸಿ. ನನ್ನ ಹೆಸರು ಹೊನ್ನಾಂಬೆ. ಇಪ್ಪತ್ತೆರಡು ವರ್ಷದಿಂದ ನರ್ಸ್. ನನ್ನಕ್ಕ ದೇವೀರಮ್ಮ ಹೇಗೆ ಸತ್ತಳೆಂದು ಹೇಳಲು ಬರೆಯುತ್ತಿದ್ದೇನೆ. ನಾಡಿದ್ದು ಅವಳ ಮಗಳು ಮುಕ್ತೆಯ ಗಡ್ಡೆಗೂ ಅವಳಿಗೆ ಕೊಟ್ಟ ಔಷಧಿಯನ್ನೇ ಕೊಡುತ್ತಾರೆ. ನನಗೆ ಭಯವಾಗುತ್ತಿದೆ.

ನಮ್ಮಲ್ಲಿ ಕ್ಯಾನ್ಸರ್ ಗಡ್ಡೆಗೆ ಕರಗುಮದ್ದು ಎಂಬುದಿದೆ. ಒಂದೇ ಇಂಜೆಕ್ಷನ್ನಿಗೆ ತೆಂಗಿನಕಾಯಿ ಗಾತ್ರದ ಗಡ್ಡೆ ಎರಡು ದಿನದಲ್ಲಿ ಮಾಯ. ರೋಗಿ ಮಲಗುವುದು ನೋಟಮಂಚದಲ್ಲಿ, ಅಂದರೆ ಒಳಗಿನ ಗಡ್ಡೆಯನ್ನು ತಲೆಯ ಮೇಲಿನ ಪರದೆಯಲ್ಲಿ ತೋರಿಸುವ ಹಾಸಿಗೆ. ಪರದೆ ಖಾಲಿಯಾದ ದಿನವೇ ಕರಗಿನ ದಿನ. ಅಂದು ನೆಂಟರೆಲ್ಲ ಒಂದೊಂದು ಎಳನೀರು ಕೆತ್ತಿಸಿಕೊಂಡು ಬಂದು ರೋಗಿಗೆ ಕೈಯಾರೆ ಕುಡಿಸಬೇಕು. ಕುಡಿಸದೆ ಹೋದವರನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಅದಕ್ಕೆ ಮುಂಚೆ ವಾರ್ಡನ್ನು ಚೊಕ್ಕ ಮಾಡಿ, ಬೆಡ್‌ಪ್ಯಾನು, ಮೂತ್ರ ಅಳೆಯುವ ಡಬ್ಬ ಯಾವುದೂ ನೆಂಟರ ಕಣ್ಣಿಗೆ ಬೀಳದಂತೆ ಸರಿಸಿಡುವುದು ನರ್ಸ್‌ಗಳ ಕೆಲಸ.

ಗಡ್ಡೆ ಮಾಯ ಎನ್ನುತ್ತೇವಲ್ಲ, ಅದು ಹೋಗುವುದಾದರೂ ಎಲ್ಲಿಗೆ? ರಕ್ತಕ್ಕೆ. ಸತ್ತ ಜೀವಕೋಶಗಳ ಪೊಟ್ಯಾಸಿಯಂ, ಫಾಸ್ಫೇಟ್, ಯೂರಿಕ್ ಆಮ್ಲವಾಗುವ ಕಸ, ಎಲ್ಲ ಒಟ್ಟಿಗೆ ನುಗ್ಗಿದರೆ ಕಿಡ್ನಿ ಕೈಕೊಡುತ್ತದೆ. ಮೂತ್ರ ನಿಲ್ಲುತ್ತದೆ. ಪೊಟ್ಯಾಸಿಯಂ ಏರಿ ಹೃದಯವನ್ನೂ ನಿಲ್ಲಿಸಬಹುದು. ರಕ್ತದ ಕ್ಯಾನ್ಸರಿನವರಿಗೆ ಹೀಗಾದೀತೆಂದು ಆರು ಗಂಟೆಗೊಮ್ಮೆ ರಕ್ತ ಪರೀಕ್ಷೆ ಮಾಡುತ್ತೇವೆ. ಲಿವರಿನಂಥ ಅಂಗದಲ್ಲಿ ಬೆಳೆಯುವ ಗಟ್ಟಿ ಗಡ್ಡೆಯವರಲ್ಲಿ ಇದು ಅಪರೂಪ ಎಂದು ನಿಮ್ಮ ಕಾಲದವರು ಬರೆದಿಟ್ಟಿದ್ದರು. ಆ ಅಪರೂಪ ನಮ್ಮವರೆಗೆ ಬರುವಷ್ಟರಲ್ಲಿ ಇಲ್ಲವೇ ಇಲ್ಲ ಎಂದಾಗಿತ್ತು, ಅವರ ರಕ್ತ ನೋಡುವ ನಿಯಮವೇ ನಮ್ಮಲ್ಲಿಲ್ಲ.

ಅಕ್ಕನ ಲಿವರಿನ ಗಡ್ಡೆ ಎರಡನೇ ದಿನ ಬೆಳಿಗ್ಗೆ ಕರಗಿತು. ಹದಿನಾಲ್ಕು ಎಳನೀರು ಬಂದವು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ ಎಂದು ನಾನೇ ಹೊಸ ನರ್ಸ್‌ಗಳಿಗೆ ಪಾಠ ಮಾಡುತ್ತೇನೆ. ಆ ಗದ್ದಲದಲ್ಲಿ ನಾನು ನರ್ಸ್ ಆಗಿರಲಿಲ್ಲ, ತಂಗಿಯಾಗಿದ್ದೆ.

"ಸಾಕು ಕಣೆ ಹೊನ್ನಿ, ಕೈಕಾಲು ಎತ್ತಕ್ಕೇ ಆಯ್ತಿಲ್ಲ. ವಾಕರಿಕೆ ಬತ್ತದೆ" ಅಂದಳು.

"ಸುಸ್ತು ಅಷ್ಟೆ ಕಣಕ್ಕಾ. ಇದು ನಂದು, ಇದೊಂದು ಕುಡಿ" ಎಂದು ಗದರಿ ಕುಡಿಸಿದೆ.

ಮಧ್ಯಾಹ್ನ ಮೂರಕ್ಕೆ, ಸೋದರತ್ತೆ ಇನ್ನೂ ಸರದಿಯಲ್ಲಿ ನಿಂತಿರುವಾಗಲೇ, ಅಕ್ಕನ ಹೃದಯ ನಿಂತಿತು. ಪರದೆಯಲ್ಲಿ ಗಡ್ಡೆಯ ಸುಳಿವೂ ಇರಲಿಲ್ಲ. ಎಳನೀರೊಂದೇ ಕೊಂದಿತೆಂದು ಹೇಳಲಾರೆ, ಆದರೆ ಅದು ನನ್ನ ಎದೆಯಿಂದ ಇಳಿಯುತ್ತಿಲ್ಲ.

ಮುಕ್ತೆಗೆ ಆರು ಗಂಟೆಗೊಮ್ಮೆ ರಕ್ತ ನೋಡಿ, ಮೊದಲೇ ಸಲೈನ್ ಹಾಕಿ ಎಂದು ಡಾಕ್ಟರರ ಬಳಿ ಅಂಗಲಾಚಿದೆ. ಒಂದು ಸಾವಿಗೆ ನಿಯಮ ಬದಲಾಗುವುದಿಲ್ಲ ಎಂದರು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಗಟ್ಟಿ ಗಡ್ಡೆಯಾದರೂ, ದೊಡ್ಡದಿದ್ದು ಬೇಗ ಕರಗುತ್ತಿದ್ದರೆ, ರಕ್ತ ನೋಡಿದಿರಾ, ಮೂತ್ರ ಎಷ್ಟು ಹೋಯಿತು ಎಂದು ಕೇಳಿ. ನೆಂಟರ ಮುಂದೆ ನಾಚಿಕೊಳ್ಳಬೇಡಿ. ಕೇಳಿದ್ದನ್ನು ಬರೆದಿಡಿ. ನೀವು ಈಗಲೇ ಬರೆದಿಟ್ಟರೆ ನಾಡಿದ್ದಿನೊಳಗೆ ನಮ್ಮ ಡಾಕ್ಟರರ ಪುಸ್ತಕಕ್ಕೆ ತಲುಪೀತು.

ಅಂದು ಬೆಳಿಗ್ಗೆ ಅಕ್ಕನ ಮೂತ್ರದ ಡಬ್ಬವನ್ನು ಮಂಚದ ಕೆಳಗೆ ತಳ್ಳಿದವಳು ನಾನೇ. ಅದು ಖಾಲಿ ಇತ್ತು. ಯಾರೋ ಆಗಲೇ ತೊಳೆದಿಟ್ಟಿದ್ದಾರೆ ಎಂದು ಖುಷಿಪಟ್ಟೆ.

ಹೊನ್ನಾಂಬೆ