ಗೇಟಿನ ಬಳಿ ನಿಂತು ಹೇಳುವ ಮಾತು

ಬೆಟಗೇರಿ, ಒಂಬತ್ತನೆಯ ತಂಪುಮನೆ
೩೦ ಫೆಬ್ರವರಿ ೨೧೭೪

ಪ್ರೀತಿಯ ಕರುಣವ್ವನವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗ ನತಾನಯೇಲನ ವಂದನೆಗಳು.

ತಾರೀಖು ನೋಡಿ ಯಾರೋ ತಲೆಕೆಟ್ಟವನ ಕಾಗದವೆಂದು ಮಡಚಿಡಬೇಡಿ. ನಮ್ಮ ಕಾಲಕ್ಕೆ ಬಿಸಿಲು ತಾಳಲಾರದೆ ಮಾರ್ಚ್ ಮತ್ತು ಮೇ ತಿಂಗಳಿಂದ ಒಂದೊಂದು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದಾರೆ. ಬಿಸಿಲೇನೂ ಕಡಿಮೆಯಾಗಲಿಲ್ಲ, ಫೆಬ್ರವರಿಗೆ ಜಂಬ ಬಂತು ಅಷ್ಟೇ. ಮುಂದೆ ಬರುವ ಕೆಲವು ಶಬ್ದಗಳು ನಿಮಗೆ ವಿಚಿತ್ರ ಎನಿಸಿಯಾವು, ಮನ್ನಿಸಬೇಕು. ಇನ್ನೊಂದು ಸಂಕೋಚ. ನನಗೆ ಎಪ್ಪತ್ತೊಂದು ವರ್ಷ. ಈ ಕಾಗದ ಮುಟ್ಟುವ ಹೊತ್ತಿಗೆ ನಿಮಗೆ ಮೂವತ್ತು ಇರಬೇಕು. ಮೂವತ್ತರ ಹೆಣ್ಣುಮಗಳನ್ನು ಅಜ್ಜಿ ಎನ್ನಲು ಬಾಯಿ ಬರುವುದಿಲ್ಲ, ಹಾಗಾಗಿ ಹೆಸರು ಹಿಡಿದು ಬರೆಯುತ್ತಿದ್ದೇನೆ.

ಇದನ್ನು ನಿಮಗೆ ತರುವುದು ಹಿಂದಂಚೆ. ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಅದೂ ಸ್ವಂತ ರಕ್ತದವರಿಗೆ ಮಾತ್ರ. ತಲುಪಿತೋ ಇಲ್ಲವೋ ಎಂಬುದಕ್ಕೆ ರಸೀದಿ ಬರುವುದಿಲ್ಲ. ನಿಮ್ಮ ಕಾಲದವರಿಗೆ ಇಂಗ್ಲಿಷ್ ಇಷ್ಟವೆಂದು ಕೇಳಿ ‘ಟು ಹೂಮ್ ಇಟ್ ಮೇ ಕನ್ಸರ್ನ್’ ಎಂದು ಶುರು ಮಾಡಿದ್ದೆ. ಕಾಲೇಜಿನಲ್ಲಿ ಎರಡು ವರ್ಷ ಹಳೆಯ ಭಾಷೆಗಳ ತರಗತಿಯಲ್ಲಿ ಇಂಗ್ಲಿಷ್ ಕಲಿತವನು ನಾನು. ಮುಂದಿನ ವಾಕ್ಯ ನೆನಪಾಗಲಿಲ್ಲ, ಹೊಡೆದು ಹಾಕಿದೆ. ಸುಗುಣಾ ಇದ್ದಿದ್ದರೆ ನೆನಪಿಸುತ್ತಿದ್ದಳು. ಸುಗುಣಾ ನನ್ನ ಹೆಂಡತಿ. ಅವಳು ಹೋಗಿ ಆರು ವರ್ಷ. ಎಲ್ಲಿಗೋ ಹೊರಟ ಮಾತು ಅವಳ ಹತ್ತಿರ ಹೋಗಿ ನಿಲ್ಲುವುದು ನನ್ನ ರೂಢಿ, ಸಹಿಸಿಕೊಳ್ಳಿ.

ನಮ್ಮಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊರಗೆ ತಿರುಗುವಂತಿಲ್ಲ. ಓಣಿಗೊಂದು ನೆಲದಡಿಯ ಹಾಲ್ ಇದೆ, ಅದೇ ತಂಪುಮನೆ. ಮಗ್ಗಗಳೂ ಅಲ್ಲೇ, ಮಕ್ಕಳ ಪಾಠವೂ ಅಲ್ಲೇ, ದೇವರೂ ಅಲ್ಲೇ. ಮೂಡಣ ಗೋಡೆಗೆ ನಮ್ಮ ಬೈಬಲ್ ಕಪಾಟು. ಪಡುವಣದತ್ತ ಸಾಬರು ಚಾಪೆ ಹಾಸಿ ಮಧ್ಯಾಹ್ನದ ನಮಾಜು ಮಾಡುತ್ತಾರೆ. ನಡುವಿನ ಕಂಬದ ಪಕ್ಕ ನೀಲವ್ವ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚುತ್ತಾಳೆ. ಅವಳು ಕಣ್ಣು ತೆರೆಯುವವರೆಗೆ ಯಾರಿಗೂ ಚಹಾ ಇಲ್ಲ, ಏಕೆಂದರೆ ಒಲೆ ಅವಳದು. ಬಾಗಿಲಲ್ಲಿ ಎಲ್ಲರ ಚಪ್ಪಲಿ ಒಂದೇ ರಾಶಿ. ಶುರುವಿನಲ್ಲಿ ಬಹಳ ಜಗಳಗಳಾದವಂತೆ. ಆಮೇಲೆ ಜನ ಪರಸ್ಪರ ಬಲು ಮರ್ಯಾದೆಯಿಂದ ನಡೆದುಕೊಳ್ಳತೊಡಗಿದರಂತೆ. ಅದು ಜಗಳಕ್ಕಿಂತ ಕೆಟ್ಟದಾಗಿತ್ತು ಎಂದು ನಮ್ಮ ಅಜ್ಜಿ, ಅಂದರೆ ನಿಮ್ಮ ಮೊಮ್ಮಗಳು, ಹೇಳುತ್ತಿದ್ದಳು. ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

ಆಕೆಯೇ ನೆರೆಸಾಕ್ಷಿಯನ್ನು ಶುರು ಮಾಡಿದವಳು. ನಮ್ಮ ಓಣಿಯಲ್ಲಿ ಒಬ್ಬರು ತೀರಿಕೊಂಡರೆ ಅವರವರ ವಿಧಿಯನ್ನು ಅವರವರು ಮಾಡುತ್ತಾರೆ. ಅದರಲ್ಲಿ ಯಾರೂ ಕೈ ಹಾಕುವುದಿಲ್ಲ. ಎಲ್ಲ ಮುಗಿದ ಮೇಲೆ ಸ್ಮಶಾನದ ಗೇಟಿನ ಬಳಿ ಬೇರೆ ಧರ್ಮದ ನೆರೆಯವನೊಬ್ಬ ನಿಂತು, ಹೋದವರು ಏನನ್ನು ನಂಬಿ ಬದುಕಿದ್ದರು ಎಂಬುದನ್ನು ಹೇಳಬೇಕು. ತನ್ನ ನಂಬಿಕೆಯನ್ನಲ್ಲ, ಅವರದನ್ನು. ಹಾಗೆ ಹೇಳುವವನು, ಅವರು ಬದುಕಿರುವಾಗಲೇ ಅವರೆದುರು ಹೇಳಿ, ‘ಹೌದು, ಇದೇ ನಾನು’ ಎಂದು ಒಪ್ಪಿಸಿಕೊಂಡಿರಬೇಕು. ಮೂರು ಸಲ ಅವಕಾಶ, ಈಗ ಅದರ ಲೆಕ್ಕ ಇಡುವವಳು ನೀಲವ್ವ. ಮೂರೂ ತಪ್ಪಿದರೆ ಬೇರೆಯವರನ್ನು ಹುಡುಕಬೇಕು. ಯಾರಾದರೂ ಸೋಮಾರಿತನಕ್ಕೆ ‘ಎಲ್ಲಾ ಒಂದೇ ಬಿಡ್ರಿ’ ಎಂದರೆ ಆ ದಿನದ ಚಹಾ ಕಪ್ಪುಗಳನ್ನೆಲ್ಲ ಅವನೇ ತೊಳೆಯಬೇಕು. ಇದು ನೀಲವ್ವನ ಕಾನೂನು.

ಸುಗುಣಾ ತನ್ನ ಸಾಕ್ಷಿಗೆ ಆರಿಸಿದ್ದು ರಾಜೇಸಾಬ ನದಾಫನನ್ನು. ಗಾದಿ ಹೊಲಿಯುವವನು, ನನ್ನ ಚಡ್ಡಿ ದೋಸ್ತ. ಅವಳ ಕಾಯಿಲೆಯ ಎರಡು ತಿಂಗಳು ಅವನು ದಿನಾ ಬಂದು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಶಾಲೆಯ ಹುಡುಗನಂತೆ ಪ್ರಶ್ನೆ ಕೇಳುತ್ತಿದ್ದ. ಗೇಟಿನ ಬಳಿ ಅವನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: “ಸುಗುಣಾ ತಂಗಿ ಯೇಸು ದೇವರ ಮಗಾ ಅಂತ ನಂಬಿದ್ಲು. ಶಿಲುಬಿ ಮ್ಯಾಲ ಸತ್ತು ಮೂರನೇ ದಿನಕ್ಕ ಎದ್ದ ಅಂತ ನಂಬಿದ್ಲು. ನಾ ನಂಬೂದಿಲ್ಲ, ಅದು ಆಕಿಗೂ ಗೊತ್ತಿತ್ತು. ‘ಅಣ್ಣಾ, ನೀವು ಸ್ವರ್ಗದಾಗ ಇರಲಿಲ್ಲಂದ್ರ ನನಗ ಬ್ಯಾಸರ ಆಕ್ಕೈತಿ’ ಅಂತಿದ್ಲು. ನಾನೂ ಆಕಿಗೆ ಅದನ್ನ ಅಂದೀನಿ. ಆದರ ಕಡೀ ದಿನ ಆಕಿ ಅಂಜಲಿಲ್ಲ. ಎಬ್ಬಸಾಂವ ಬರ್ತಾನ ಅಂತ ಮಲಗ್ಯಾಳ. ಅದಕ್ಕ ಸಾಕ್ಷಿ ನಾ ಅದೀನಿ.” ಕರುಣವ್ವ, ನಮ್ಮ ಪಾದ್ರಿಗಳ ಪ್ರಸಂಗವೂ ಅಂದು ಚೆನ್ನಾಗಿಯೇ ಇತ್ತು. ಆದರೆ ನನ್ನನ್ನು ಮನೆಗೆ ನಡೆಸಿಕೊಂಡು ಬಂದದ್ದು ಆ ನಂಬದವನ ಮಾತು.

ಈಗ ರಾಜೇಸಾಬನ ಸರದಿ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ, ಎದೆಯಲ್ಲಿ ನೀರು ತುಂಬುತ್ತಿದೆ. ವಾರಗಳ ಮಾತು ಎಂದಿದ್ದಾರೆ ಡಾಕ್ಟರು. ಸಾಕ್ಷಿಗೆ ನನ್ನ ಹೆಸರು ಕೊಟ್ಟಿದ್ದಾನೆ. ನಾನು ಎರಡು ಸಲ ತಪ್ಪಿದೆ.

ಮೊದಲ ಸಲ ಅವನ ಮುಖ ನೋಡಿದ್ದೇ ಹೇಳಬೇಕಾದದ್ದೆಲ್ಲ ಮರೆತುಹೋಯಿತು. ಏನೋ ಒದ್ದಾಡಿ, “ದಾರಿ ಬ್ಯಾರೆ ಆದ್ರೂ ಹೋಗೂ ಊರು ಎಲ್ಲಾ ಒಂದೇ” ಅಂದುಬಿಟ್ಟೆ. ರಾಜೇಸಾಬ ಗೋಡೆಯ ಕಡೆ ಮುಖ ತಿರುಗಿಸಿದ. “ಅರವತ್ತು ವರ್ಷ ನಿನ್ನ ಜೋಡಿ ವಾದಾ ಮಾಡಿದ್ದು ಸುಳ್ಳೇನಲೇ ನತ್ಯಾ?” ಅಂದ. ಅಂದು ನಲವತ್ತೆರಡು ಕಪ್ಪು ತೊಳೆದೆ. ನೀಲವ್ವ ಪಕ್ಕದಲ್ಲೇ ನಿಂತು, “ತಳಾ ತಿಕ್ರಿ, ತಳಾ,” ಎಂದು ಜೀವ ತಿಂದಳು.

ಎರಡನೆಯ ಸಲ ತಯಾರಿ ಮಾಡಿಕೊಂಡು ಹೋದೆ. ಪ್ರಾಮಾಣಿಕತೆ, ನಮಾಜು, ರಂಜಾನಿನ ಉಪವಾಸ, ಎಲ್ಲ ಹೇಳಿದೆ. ಅವನು ತಲೆಯಾಡಿಸುತ್ತಿದ್ದ. ಕೊನೆಗೆ ನಾನು, “ಕರುಣಾಮಯಿ ತಂದಿ ಮಡಿಲಿಗೆ ಮಗಾ ಹೋದಂಗ ರಾಜೇಸಾಬ ಹೊಂಟಾನ” ಎಂದೆ. ನನಗೇ ಕಣ್ಣೀರು ಬಂತು. ಅವನಿಗೆ ಸಿಟ್ಟು ಬಂತು. “ಏ ಪಾದ್ರಿ, ನಾ ಎಂದರ ದೇವರಿಗೆ ಅಪ್ಪಾ ಅಂದೇನೇನು? ನಾ ಅವನ ಬಂದಾ, ಆಳು. ಆಳಾಗೂದು ನನಗ ಸಾಕು, ಅದ ನನ್ನ ದೊಡ್ಡಸ್ತಿಕಿ. ನನ್ನ ಮಣ್ಣಿನಾಗ ನಿನ್ನ ಧರ್ಮ ಹುಗೀಬ್ಯಾಡ.” ಹುಟ್ಟಿದಾಗಿನಿಂದ ‘ಪರಲೋಕದಲ್ಲಿರುವ ತಂದೆಯೇ’ ಎಂದ ಬಾಯಿ ನನ್ನದು. ಪ್ರೀತಿ ಉಕ್ಕಿದರೆ ಅದೇ ಬರುತ್ತದೆ. ಪ್ರೀತಿಯಲ್ಲೇ ಅವನನ್ನು ಕಿರಿಸ್ತಾನನನ್ನಾಗಿ ಮಾಡಿಬಿಟ್ಟಿದ್ದೆ. ನೀಲವ್ವ ಹೊರಗೆ ಬಂದು ಮೆಲ್ಲಗೆ, “ಇನ್ನೊಂದು ಸಲಾ ಐತ್ರಿ, ನತಾನಯೇಲಣ್ಣ. ಅದೂ ತಪ್ಪಿದ್ರ ಅವರಿಗೆ ಬ್ಯಾರೆಯವರನ್ನ ನೋಡಬೇಕು” ಎಂದಳು.

ಆಗ ನಾನು ನಿಮ್ಮ ನೋಟ್‌ಬುಕ್ ತೆಗೆದೆ. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ನನಗೆ ಬಂದದ್ದು. ಅರ್ಧಕ್ಕರ್ಧ ಅಡುಗೆ ಮತ್ತು ಸಂಡೇ ಸ್ಕೂಲಿನ ಹಾಡುಗಳೇ ಇವೆ. ನಡುವೆ ಆ ಒಂದು ಪುಟ: ‘ಇವತ್ತು ಹಸೀನಾಬಿ ತೀರಿಕೊಂಡರು. ನನ್ನನ್ನು ಎತ್ತಿ ಆಡಿಸಿದವರು. ಯಾವ ಪ್ರಾರ್ಥನೆ ಮಾಡಬೇಕೋ, ಏನು ಹೇಳಬೇಕೋ ತಿಳಿಯದೆ ಗೇಟಿನ ಹೊರಗೇ ನಿಂತು ಬಂದೆ. ಇಷ್ಟು ವರ್ಷ ಅವರ ಮನೆಯಲ್ಲಿ ರಂಜಾನ್ ಹಬ್ಬದ ಸುರಕುಂಬಾ ಕುಡಿದೆ, ಅವರು ಏನು ನಂಬಿದ್ದಾರೆ ಎಂದು ಒಮ್ಮೆಯೂ ಕೇಳಲಿಲ್ಲ.’ ಅಷ್ಟೇ. ಅದನ್ನು ಓದಿದ ದಿನವೇ ನಿಮ್ಮ ಮೊಮ್ಮಗಳು ಪಕ್ಕದ ಮನೆಯ ಬಾಗಿಲು ತಟ್ಟಿ, “ನಿಮಗ ಒಂದು ಮಾತು ಕೇಳಬೇಕು” ಎಂದಳಂತೆ. ನಾವು ಗೇಟಿನ ಬಳಿಯೇ ಏಕೆ ನಿಲ್ಲುತ್ತೇವೆ ಎಂಬುದು ಓಣಿಯಲ್ಲಿ ಈಗ ಯಾರಿಗೂ ನೆನಪಿಲ್ಲ. ನನಗೊಬ್ಬನಿಗೆ ಗೊತ್ತು.

ಮೂರನೆಯ ಸಲ ನಾನು ಏನನ್ನೂ ತಯಾರಿಸಲಿಲ್ಲ. ಎಂಟು ದಿನ ಬೆಳಗಿನ ನಮಾಜಿನ ಹೊತ್ತಿಗೆ ಹೋಗಿ ಅವನ ಹೊಸ್ತಿಲಲ್ಲಿ ಸುಮ್ಮನೆ ಕುಳಿತೆ. ಮಂಚದಿಂದ ಏಳಲಾರದವನು ರೆಪ್ಪೆಯಲ್ಲೇ ಬಾಗಿ ಸಜ್ದಾ ಮಾಡುತ್ತಿದ್ದ. ಆಮೇಲೆ ಕೇಳುತ್ತಿದ್ದೆ, ಅವನು ಹೇಳುತ್ತಿದ್ದ. ಒಂಬತ್ತನೆಯ ದಿನ ನೀಲವ್ವನ ಎದುರು ಹೇಳಿದೆ: “ರಾಜೇಸಾಬ ದೇವರು ಒಬ್ಬನ ಅಂದ, ಅವಗ ಮಗಾ ಇಲ್ಲ ಅಂದ. ಅದು ನನಗ ನೋವು, ಅವಗ ಅದು ಗೊತ್ತು. ಕಾಲು ಹೋದ ಮ್ಯಾಲೂ ರೆಪ್ಪಿಲೆ ಸಜ್ದಾ ಮಾಡಿದ, ಆಳಾಗಿ ಇದ್ದ, ಆಳಾಗಿ ಹೊಂಟ. ನನ್ನ ಯೇಸುವಿಗೆ ಪ್ರವಾದಿ ಅಂದ, ಅದಕ್ಕಿಂತ ಹೆಚ್ಚು ಅನಲಿಲ್ಲ. ಆದರ ಅರವತ್ತು ವರ್ಷದಾಗ ಆ ಹೆಸರು ತಗೊಂಡಾಗೊಮ್ಮೆ ‘ಅವರ ಮ್ಯಾಲ ಸಲಾಮ್’ ಅನ್ನದ ಬಿಟ್ಟಿಲ್ಲ. ನಾನು ಎಡವಿದ್ರೂ ಆ ಹೆಸರು, ಸೀನಿದ್ರೂ ಆ ಹೆಸರು ಅಂತಿದ್ದೆ. ಅದನ್ನ ಮರ್ಯಾದಿಲೆ ಹೇಳೂದು ನಾ ಇವನ ಕಡಿಂದ ಕಲ್ತೆ.”

ರಾಜೇಸಾಬ ನನ್ನ ಕಡೆ ಮುಖ ತಿರುಗಿಸಿದ. ಆಮೇಲೆ, “ಹೌದು. ಇದ ನಾನು,” ಎಂದ. ಒಂದು ಉಸಿರು ಬಿಟ್ಟು, “ಗೇಟಿನ ಹತ್ರ ಅಳಬ್ಯಾಡ ಮತ್ತ. ನಿನ್ನ ಅಳೂ ಮುಖ ಭಾಳ ಕೆಟ್ಟ ಕಾಣತೈತಿ” ಎಂದ. ನೀಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಚಹಾಕ್ಕಿಟ್ಟಳು. ಕಪ್ಪು ತೊಳೆಯುವ ಮಾತೆತ್ತಲಿಲ್ಲ.

ಈಗ ನಿಮ್ಮಲ್ಲಿ ಬೇಡಿಕೆ. ಆ ಪುಟ ಹೊಲಿಗೆಯ ಅಂಚಿನಿಂದ ಅರ್ಧದವರೆಗೆ ಹರಿದಿದೆ. ನಾಚಿಕೆಯಾಗಿ ಯಾವುದೋ ದಿನ ನೀವೇ ಅದನ್ನು ಕಿತ್ತು ಎಸೆಯಲು ಕೈ ಹಾಕಿದ್ದೀರಿ, ಅಷ್ಟರಲ್ಲೇ ನಿಲ್ಲಿಸಿದ್ದೀರಿ. ಯಾಕೆ ನಿಲ್ಲಿಸಿದಿರಿ ಎಂದು ನಾವು ಮೂರು ತಲೆಮಾರಿನವರು ತಲೆ ಕೆಡಿಸಿಕೊಂಡಿದ್ದೇವೆ. ಆ ಪುಟ ಇರದಿದ್ದರೆ ನನ್ನ ಸುಗುಣಾ ಸಾಕ್ಷಿಯಿಲ್ಲದೆ ಹೋಗುತ್ತಿದ್ದಳು, ನಾಳೆ ರಾಜೇಸಾಬನೂ. ಗೇಟಿನ ಹೊರಗೆ ನಿಂತದ್ದು ತಪ್ಪೆಂದು ನಿಮಗೆ ಅನಿಸಿದರೆ ಅನಿಸಲಿ, ಆದರೆ ಪುಟ ಇರಲಿ. ಹಸೀನಾಬಿಯ ಸೊಸೆಯೋ ಮಗಳೋ ಇದ್ದರೆ ಒಮ್ಮೆ ಹೋಗಿ ಕೂತು ಕೇಳಿ.

ಹಿಂದಂಚೆಗೆ ರಸೀದಿಯಿಲ್ಲ ಎಂದೆನಲ್ಲ. ಈಗಷ್ಟೇ ನೋಟ್‌ಬುಕ್ಕನ್ನು ಮತ್ತೆ ತೆರೆದು, ಆ ಹರಿದ ಗೆರೆ ನಿಂತ ಜಾಗದ ಮೇಲೆ ಬೆರಳಿಟ್ಟುಕೊಂಡು ಇದನ್ನು ಮುಗಿಸುತ್ತಿದ್ದೇನೆ. ನೀವು ಪುಟ ಹಿಡಿದು ಎಳೆಯುತ್ತಿರುವಾಗ ಬಾಗಿಲಲ್ಲಿ ಯಾರೋ “ಟಪಾಲ್ರೀ” ಎಂದು ಕೂಗಿರಬೇಕು.

ನಿಮ್ಮ
ನತಾನಯೇಲ