ನೀರಲ್ಲಿ ನೆನೆದ ತಾರೀಜಾ

ಸಲಾ ಪಟ್ಟಣ,
ಮುಹರ್ರಂ ನಾಲ್ಕು, ಸೋಮವಾರ

ಪ್ರೀತಿಯ ತಂಗಿ ಮೀಮೂನಾ,

ನಿಮಗೂ ನಿಮ್ಮ ಪತಿ ಅಲ್ಲಾಲ್ ಅವರಿಗೂ ನನ್ನ ಸಲಾಮು. ಶಾಮಾಳಿಗೆ ಬೇರೆಯಾಗಿ ಹೇಳಬೇಕಿಲ್ಲ. ನಾನಿದನ್ನು ಬರೆಯುತ್ತಿರುವಾಗ ಅವಳು ಮೂರನೆಯ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತು, ಪೆನ್ಸಿಲಿನ ತುದಿ ಕಚ್ಚುತ್ತಾ, ಭಾಗಾಕಾರದೊಡನೆ ಜಗಳವಾಡುತ್ತಿದ್ದಾಳೆ.

ನಿಮ್ಮ ಪತ್ರ ತಲುಪಿತು. ಆಶೂರಾ ಹಬ್ಬಕ್ಕೆ ಮಗುವಿಗೆ ಏನು ಕೊಡಿಸಲಿ ಎಂದು ಕೇಳಿದ್ದೀರಿ. ಸೈಕಲ್ಲೋ, ಗುಂಡಿ ಒತ್ತಿದರೆ ಮಾತಾಡುವ ಗೊಂಬೆಯೋ, ಅಥವಾ ಸಣ್ಣ ಒಲೆ, ಬಾಣಲೆ, ಲೋಟಗಳಿರುವ ಅಡುಗೆಮನೆಯೋ. ಬೆಲೆಯ ಚಿಂತೆ ಬೇಡ ಎಂದೂ ಬರೆದಿದ್ದೀರಿ. ಆದರೆ ಸಹಿಗಿಂತ ಮೇಲೆ, ಜಾಗ ಸಾಲದೆ ಅಂಚಿನಲ್ಲಿ ಬಾಗಿಸಿ ಬರೆದ ಒಂದು ಸಾಲಿದೆ: "ಯಾವ್ದು ಕೊಟ್ರೆ ಅವ್ಳು ನನ್ನ ಮುಖ ನೋಡ್ತಾಳೆ, ಅಷ್ಟು ಹೇಳಿ ಸಾಕು." ನಿಮ್ಮ ನಿಜವಾದ ಪ್ರಶ್ನೆ ಅದು. ನಾನು ಉತ್ತರಿಸಲು ಹೊರಟಿರುವುದೂ ಅದಕ್ಕೇ.

ನಡೆದದ್ದನ್ನು ನೀವು ಮುಚ್ಚಿಡದೆ ಬರೆದಿದ್ದೀರಿ. ಹಬ್ಬದ ಹತ್ತು ದಿನ ಗುಡಿಸಿ ತೊಳೆಯುವುದು ಬೇಡವೆಂದು ಮುಂಚಿತವಾಗಿಯೇ ಇಡೀ ಮನೆಯನ್ನು ತಿಕ್ಕಿದಿರಿ. ಶಾಮಾಳ ಮೇಜಿನ ಮೇಲೆ, ಪೆನ್ಸಿಲುಗಳನ್ನು ತುಂಬಿಸಿಟ್ಟ ಮಣ್ಣಿನ ಹೂದಾನಿಯೊಂದು ಧೂಳು ಹಿಡಿದಿತ್ತು. ಪೆನ್ಸಿಲು ತೆಗೆದು, ಅದನ್ನು ಸಾಬೂನು ನೀರಿನ ಬಕೆಟ್ಟಿನಲ್ಲಿ ನೆನೆಯಲು ಹಾಕಿದಿರಿ. ಹೊರತೆಗೆದಾಗ ಅದರ ತಳ ಒದ್ದೆ ರೊಟ್ಟಿಯಂತೆ ಜೋತುಬಿದ್ದಿತ್ತು. ಆಗಲೇ ಗೊತ್ತಾದದ್ದು, ತಳವೆಂದುಕೊಂಡದ್ದು ಆಡಿನ ಚರ್ಮ, ಹೂದಾನಿಯೆಂದುಕೊಂಡದ್ದು ತಾರೀಜಾ ಎಂದು. ನದೋರಿನಲ್ಲಿ ನೀವು ಬಾರಿಸುತ್ತ ಬೆಳೆದದ್ದು ಜರಡಿಯಂತೆ ದುಂಡಗಿರುವ ದೊಡ್ಡ ವಾದ್ಯ. ನಮ್ಮ ಸಲಾದ ಹೆಣ್ಣುಮಕ್ಕಳ ಕೈಯಲ್ಲಿರುವ, ಹೂಜಿಯಂತೆ ನಡು ಸಣ್ಣಗಿರುವ ಈ ಪುಟ್ಟ ಡೋಲನ್ನು ತಲೆಕೆಳಗಾಗಿ ನಿಲ್ಲಿಸಿಟ್ಟರೆ ಯಾರಾದರೂ ಮೋಸಹೋದಾರು. ಆದರೆ ಅದರ ಮೈಮೇಲಿನ ನೀಲಿ ಗೆರೆಗಳನ್ನು ಎಳೆದವರು ಶಾಮಾಳ ತಾಯಿ ತುರಿಯಾ. ಅವರು ತೀರಿಹೋಗುವ ಮುನ್ನ ಬಂದ ಕೊನೆಯ ಆಶೂರಾಕ್ಕೆ ಮಗಳಿಗೆ ಕೊಟ್ಟ ಉಡುಗೊರೆ ಅದು. ಇದನ್ನು ನಿಮಗೆ ಯಾರೂ ಹೇಳಿರಲಿಲ್ಲ. ಹೇಳದವರ ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ.

ಮರುದಿನ ಶಾಮಾ ತರಗತಿಗೆ ಬಂದವಳೇ ಎಲ್ಲರೆದುರು ಸಾರಿದಳು: "ನಮ್ಮಪ್ಪನ ಹೆಂಡ್ತಿ ನನ್ನ ತಾರೀಜಾಗೆ ಸ್ನಾನ ಮಾಡ್ಸಿ ಸಾಯ್ಸಿದ್ಲು!" ಮಕ್ಕಳು ನಕ್ಕರು. ಪಕ್ಕದಲ್ಲಿ ಕೂರುವ ಇಲ್ಹಾಮ್, "ಶಾಂಪೂನೂ ಹಾಕಿದ್ಲೇನೇ?" ಎಂದು ಕೇಳಿದಳು. ಶಾಮಾ ಅವಳ ಜಡೆ ಹಿಡಿದೆಳೆದಳು. ಇಬ್ಬರನ್ನೂ ಬಿಡಿಸಿ ಕೂರಿಸಿದೆ. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ಎರಡು ದಿನಗಳಾದ ಮೇಲೆ ಅವಳೇ ಹೇಳಿದ ಇನ್ನೊಂದು ಮಾತಿದೆ. ಅದನ್ನು ಅರ್ಥಮಾಡಿಕೊಳ್ಳಲು ಈ ಮೊದಲನೆಯದು ನಿಮಗೆ ಗೊತ್ತಿರಬೇಕು.

ಆಟದ ಬಿಡುವಿನಲ್ಲಿ ನನ್ನ ಕುರ್ಚಿಯ ಬಳಿ ಸುಳಿದಾಡುತ್ತಾ ಅವಳು ಹೇಳಿದಳು: "ಉಸ್ತಾದಾ, ನಿಮ್ಗೊಂದ್ ತಮಾಷೆ ಹೇಳ್ಲಾ? ಮೀಮೂನಾ ಕೂದ್ಲು ಒಣಗ್ಸೋ ಮಷೀನ್ ಹಿಡ್ಕೊಂಡು ತಾರೀಜಾ ಒಣಗ್ಸಕ್ಕೆ ಕೂತಿದ್ಲು! ಚರ್ಮ ಟಪ್ ಅಂತ ಸೀಳೋಯ್ತು." ಹೇಳಿ ತಾನೇ ಗಟ್ಟಿಯಾಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಊಟಾನೂ ಮಾಡಿರ್ಲಿಲ್ಲ. ನಾನ್ ನೋಡ್ದೆ ಅಂತ ಅವ್ಳಿಗೆ ಗೊತ್ತಿಲ್ಲ" ಎಂದು ಹೇಳಿ ಓಡಿಹೋದಳು.

ಈ ಸಂಗತಿಯನ್ನು ನೀವು ನನಗೆ ಬರೆದಿರಲಿಲ್ಲ, ತಂಗಿ. ನಾಚಿಕೆಯಿಂದ ಬಿಟ್ಟಿದ್ದೀರಿ ಎಂದುಕೊಳ್ಳುತ್ತೇನೆ. ಆದರೆ ಗಮನಿಸಿದಿರಾ? ಆ ದಿನ ನೀವು 'ಅಪ್ಪನ ಹೆಂಡ್ತಿ' ಆಗಿರಲಿಲ್ಲ. ನಿಮಗೊಂದು ಹೆಸರಿತ್ತು. ನನ್ನ ಕಸುಬಿನಲ್ಲಿ ಇಷ್ಟನ್ನು ಕಂಡರೂ ಮನಸ್ಸು ತುಂಬಿಬರುತ್ತದೆ. ಮಗು ಒಂದು ಹೆಸರನ್ನು ಸುಮ್ಮನೆ ಬಾಯಿಗೆ ತಂದುಕೊಳ್ಳುವುದಿಲ್ಲ.

ಅಲ್ಲಾಲ್ ಅವರು ಹೋದ ವಾರ ಶಾಲೆಗೆ ಬಂದಿದ್ದರೆಂಬುದು ನಿಮಗೆ ತಿಳಿದಿದೆಯೋ ಇಲ್ಲವೋ. ಟ್ರಾಮ್ ಚಾಲಕರ ಸಮವಸ್ತ್ರದಲ್ಲೇ ಬಾಗಿಲಲ್ಲಿ ನಿಂತು, "ಇವ್ಳನ್ನ ಮೆಕ್ನಾಸಿಗೆ, ಅವರಜ್ಜಿ ಮನೇಗೆ ಕಳಿಸ್ಬಿಡ್ತೀನಿ ಉಸ್ತಾದಾ. ಅಲ್ಲೇ ಓದ್ಕೊಳ್ಲಿ. ಇಬ್ರೂ ನೆಮ್ದಿಯಾಗಿರ್ಲಿ" ಎಂದರು. ಯಾವ ಇಬ್ಬರು ಎಂದು ಕೇಳಿದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಹಬ್ಬ ಕಳೆಯಲಿ, ಆಮೇಲೆ ಮಾತಾಡೋಣ ಎಂದು ಹೇಳಿ ಕಳಿಸಿದ್ದೇನೆ. ಆದ್ದರಿಂದ ಈ ಸಲದ ಉಡುಗೊರೆಯ ಮೇಲೆ ನೀವು ತಿಳಿದದ್ದಕ್ಕಿಂತ ಹೆಚ್ಚು ಭಾರವಿದೆ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಹೇಳದೆ ಬಿಟ್ಟರೆ ಆ ಮನೆಯಲ್ಲಿ ಮತ್ತೊಂದು ಹೂದಾನಿಯನ್ನು ಇಟ್ಟಂತಾಗುತ್ತದೆ.

ಗುರುವಾರ ಶಾಲೆ ಬಿಟ್ಟ ಮೇಲೆ ಅವಳ ತಂದೆಯನ್ನು ಕೇಳಿಕೊಂಡು ಅವಳನ್ನು ಹಬ್ಬದ ಸಂತೆಗೆ ಕರೆದೊಯ್ದೆ. ಹಬ್ಬಕ್ಕೆ ನನ್ನ ಕಡೆಯಿಂದ ಒಂದು ಸಾಮಾನು, ನೀನೇ ಆರಿಸಿಕೋ ಎಂದೆ. ನೀವು ಹೇಳಿದ ಮಾತಾಡುವ ಗೊಂಬೆಯೂ ಅಲ್ಲಿತ್ತು. ಗುಂಡಿ ಒತ್ತಿದಳು. ಅದು "ಅಮ್ಮಾ, ನಂಗೆ ನೀನಂದ್ರೆ ಇಷ್ಟ" ಎಂದಿತು. ಶಾಮಾ ಅದನ್ನು ಬೋರಲು ಮಲಗಿಸಿ ಮುಂದೆ ನಡೆದಳು. ಆ ಗೊಂಬೆ ಬೇಡ, ಮೀಮೂನಾ. ತಾರೀಜಾಗಳನ್ನು ರಾಶಿ ಹಾಕಿಕೊಂಡಿದ್ದ ಅಂಗಡಿಯಾತ, "ಬಾಮ್ಮಾ ರಾಣಿ, ಮಕ್ಳಿಗೆ ಹಬ್ಬದ್ ಉಡುಗೊರೆ ತರೋ ಬಾಬಾ ಆಶೂರ್ ನಿನ್ ಹೆಸ್ರು ಬರ್ದೇ ಕಳ್ಸಿದಾನೆ, ಯಾವ್ದ್ ಬೇಕಾದ್ರೂ ತಗೋ" ಎಂದ. ಅವಳು ಪುಟ್ಟವುಗಳನ್ನೆಲ್ಲ ಕಿವಿಯ ಬಳಿ ಹಿಡಿದು ಬಾರಿಸಿ ನೋಡಿದಳು. "ಎಲ್ಲಾ ಒಂದೇ ಥರ ಕಿರುಚ್ತಾವೆ" ಎಂದಳು. "ನಿಂಗೇನ್ ಹಾಡೋ ತಾರೀಜಾ ಬೇಕಾ? ಹೋಗು, ನಿಮ್ಮಜ್ಜೀನ ಕೇಳು!" ಎಂದು ಆತ ರೇಗಿಸಿದ. ಕೊನೆಗೆ ಅವಳು ಒಂದನ್ನು ಆರಿಸಿದ್ದು ನಿಜ. ಅದೇನೆಂದು ನನ್ನನ್ನು ಕೇಳಬೇಡಿ. ಬಾಯಿ ಬಿಡುವುದಿಲ್ಲವೆಂದು ಕಿರುಬೆರಳು ಕೊಟ್ಟು ಒಪ್ಪಿಕೊಂಡಿದ್ದೇನೆ.

ಇನ್ನು ನನ್ನ ಸಲಹೆ. ಅಂಗಡಿಯ ಯಾವ ಹೊಸ ವಸ್ತುವೂ ಈಗ ಬೇಡ. ಸೈಕಲ್ಲನ್ನು ಅವಳು ಇಷ್ಟಪಡುವುದಿಲ್ಲವೆಂದಲ್ಲ. ಈಗ ಕೊಟ್ಟರೆ, ತಾಯಿಯ ತಾರೀಜಾವನ್ನು ಮರೆಯುವುದಕ್ಕೆ ಕೊಟ್ಟ ಲಂಚದಂತೆ ಕಾಣುತ್ತದೆ. ಮಕ್ಕಳಿಗೆ ಲಂಚದ ವಾಸನೆ ಬೇಗ ಹತ್ತುತ್ತದೆ. ಮುಂದಿನ ವರ್ಷ ಕೊಡಿ. ಆಗ ಅದು ಬರೀ ಸೈಕಲ್ಲಾಗಿರುತ್ತದೆ.

ಸೀಳಿದ್ದು ಚರ್ಮ ಮಾತ್ರ. ಮಣ್ಣಿನ ಮೈ ಗಟ್ಟಿಯಾಗಿಯೇ ಇದೆ ಎಂದು ನೀವೇ ಬರೆದಿದ್ದೀರಿ. ನದಿ ದಂಡೆಯ ಕುಂಬಾರರ ಕೇರಿಯಲ್ಲಿ ಹೊಸ ಚರ್ಮ ಅಂಟಿಸಿ ಬಿಗಿಯುತ್ತಾರೆ. ನೀವೊಬ್ಬರೇ ಹೋಗಿ ಮಾಡಿಸಿ ತಂದು ಅವಳನ್ನು ಅಚ್ಚರಿಪಡಿಸಬೇಡಿ. ಅವಳನ್ನೂ ಕರೆದುಕೊಂಡು ಹೋಗಿ. ತಾರೀಜಾ ಅವಳ ಕೈಯಲ್ಲೇ ಇರಲಿ. ಚರ್ಮವನ್ನು ಅವಳೇ ಮುಟ್ಟಿ ಆರಿಸಲಿ. ಮಾಸಿದ ನೀಲಿ ಗೆರೆಗಳ ಮೇಲೆ ಯಾರಾದರೂ ಬಣ್ಣ ಹಚ್ಚಿಕೊಡಲು ಬಂದರೆ ತಡೆಯಿರಿ. ಹಚ್ಚುವುದಿದ್ದರೆ, ಬಿಡುವುದಿದ್ದರೆ, ಅದು ಅವಳ ಮಾತು. ಹಬ್ಬದ ಹಿಂದಿನ ಸಂಜೆ ನಿಮ್ಮ ಓಣಿಯಲ್ಲಿ ಬೆಂಕಿ ಹಾಕುತ್ತಾರಲ್ಲ, ಆಗ ಹೆಣ್ಣುಮಕ್ಕಳೆಲ್ಲ ಚರ್ಮ ಬಿಗಿಯಾಗಲೆಂದು ತಾರೀಜಾ ಕಾಯಿಸಲು ಸುತ್ತ ನೆರೆಯುತ್ತಾರೆ. ಬೆಂಕಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ನಿಮಗೆ ತಿಳಿಯದು. ತಿಳಿಯದೆಂದೇ ಅವಳನ್ನು ಕೇಳಿ. ಎಂಟು ವರ್ಷದ ಮಗುವಿಗೆ ದೊಡ್ಡವರೊಬ್ಬರು ಕೊಡಬಹುದಾದ ಉಡುಗೊರೆಗಳಲ್ಲಿ 'ನನಗೆ ಗೊತ್ತಿಲ್ಲ, ಹೇಳಿಕೊಡು' ಎಂಬುದು ಬಹಳ ಅಪರೂಪದ್ದು.

ತುರಿಯಾ ಅವರ ವಿಷಯ ಬಂದರೆ ಮಾತು ತಿರುಗಿಸಬೇಡಿ. ಅವರು ಹೇಗೆ ಬಾರಿಸುತ್ತಿದ್ದರು ಎಂದು ಕೇಳಿ. ಮತ್ತೆ, ಅಮ್ಮ ಎಂದು ಕರೆಯಲು ಹೇಳಬೇಡಿ. ಮೀಮೂನಾ ಎಂಬುದು ಒಳ್ಳೆಯ ಹೆಸರು. ಸದ್ಯಕ್ಕೆ ಅದೇ ಸಾಕು.

ಇನ್ನೊಂದು ಮಾತು. ನಿಮ್ಮ ಕಡೆ ಹೇಗೋ ಕಾಣೆ, ಇಲ್ಲಿ ಆಶೂರಾದ ಬೆಳಗ್ಗೆ ಮಕ್ಕಳು ನೀರೆರಚುತ್ತಾರೆ. ದಾರಿಹೋಕರ ಮೇಲಲ್ಲ, ಮನೆಯವರ ಮೇಲೆ, ನೆರೆಯವರ ಮೇಲೆ. ಆ ದಿನ ಬೆಳಗ್ಗೆ ನೀವು ಕದ ತೆರೆಯುತ್ತಲೇ ಒಂದು ಬಕೆಟ್ಟು ನೀರು ಮುಖಕ್ಕೆ ಬಿದ್ದರೆ, ಅದನ್ನು ಸೇಡೆಂದು ತಿಳಿಯಬೇಡಿ. ಒರೆಸಿಕೊಳ್ಳುವ ಮೊದಲು ಎದುರಿಗಿರುವ ಮುಖವನ್ನು ನೋಡಿ. ಅದೂ ನಿಮ್ಮನ್ನೇ ನೋಡುತ್ತಿರುತ್ತದೆ.

ನಿಮ್ಮಿಬ್ಬರ ಮೇಲೂ ಭರವಸೆ ಇಟ್ಟಿರುವ,

ಬತೂಲ್
(ಶಾಮಾಳ ಉಸ್ತಾದಾ)

ಮರೆತ ಮಾತು: ಕಿರುಬೆರಳಿನ ಒಪ್ಪಂದವನ್ನು ಮುರಿಯದೆ ಇಷ್ಟು ಹೇಳಬಹುದು. ಹಬ್ಬದ ಹಿಂದಿನ ಸಂಜೆ ಯಾರಾದರೂ ನಿಮ್ಮ ಕೈಗೆ ಕಾಗದ ಸುತ್ತಿದ ಒಂದು ಪೊಟ್ಟಣವನ್ನು ಕೊಟ್ಟರೆ, ಅದು ಎಳೆಯ ಕೈಗೆ ಹಿಡಿಸಲಾರದಷ್ಟು ದೊಡ್ಡದಾಗಿದ್ದರೆ, ಒಳಗಿರುವುದು ಹೂದಾನಿಯಲ್ಲ. ಅದನ್ನು ಆರಿಸಿಕೊಂಡು ಮರಳುವಾಗ ದಾರಿಯುದ್ದಕ್ಕೂ ಆ 'ಯಾರೋ' ನನ್ನನ್ನು ಪೀಡಿಸಿದಳು: "ಮೀಮೂನಾಗೆ ಬಾರ್ಸಕ್ ಬರತ್ತಾ ಉಸ್ತಾದಾ? ಬರ್ದಿದ್ರೆ ಪರ್ವಾಗಿಲ್ಲ, ನಾನೇ ಹೇಳ್ಕೊಡ್ತೀನಿ. ನೀವ್ ಒಂದೇ ಒಂದ್ ಹೇಳಿ ಅವ್ಳಿಗೆ, ಇದನ್ನ ತೊಳೀಬಾರ್ದು ಅಂತ." ಹೇಳಿದ್ದೇನೆ.